ಸಂಶೋಧನೆಯನ್ನು ಹೆರಿಗೆ ಕೋಣೆಯ ಕೆಲಸಕ್ಕೆ ಹಚ್ಚುವುದು ಹೇಗೆ

ಮೊದಲು ಒಂದು ಕೆಲಸ ಮಾಡಿ. ಅರ್ಧ ಲೀಟರ್ ನೀರಿಗೆ ಕುಂಕುಮ ಕಲಸಿ. ಹೆರಿಗೆ ಟೇಬಲ್ ಮೇಲಿನ ಬಟ್ಟೆ, ಎರಡು ಪ್ಯಾಡು, ಸ್ವಲ್ಪ ನೆಲ, ಹೀಗೆ ಅಲ್ಲಲ್ಲಿ ಸುರಿದುಬಿಡಿ. ಆಮೇಲೆ ಡ್ಯೂಟಿಯಲ್ಲಿ ಇರುವವರನ್ನೆಲ್ಲ ಕರೆದು, ಇದು ರಕ್ತ ಎಂದುಕೊಂಡರೆ ಎಷ್ಟು ಎಂಎಲ್ ಹೋಗಿರಬಹುದು ಎಂದು ಒಬ್ಬರದು ಒಬ್ಬರಿಗೆ ಕಾಣದ ಹಾಗೆ ಚೀಟಿಯಲ್ಲಿ ಬರೆಸಿ.

ನಮ್ಮಲ್ಲಿ ಇದನ್ನು ಮಾಡಿದ ದಿನ ಎಂಟು ಚೀಟಿ ಬಂದವು. 500 ಎಂದು ಬರೆದವರು ಒಬ್ಬರೂ ಇರಲಿಲ್ಲ. ಸುರಿದದ್ದು ನಮ್ಮ ಡಾಕ್ಟರ್ ಮೇಡಂ, ಬರೆದವರಲ್ಲಿ ನಾನೂ ಒಬ್ಬಳು. ನನ್ನ ಚೀಟಿಯಲ್ಲಿ 300 ಇತ್ತು. ಹೆರಿಗೆ ಮಾಡಿಸಲು ಶುರು ಮಾಡಿ ಆಗಲೇ ಹನ್ನೊಂದು ವರ್ಷ ಆಗಿತ್ತು ನನಗೆ.

ಹೆರಿಗೆ ಆದ ಮೇಲೆ 500 ಎಂಎಲ್ ಅಥವಾ ಅದಕ್ಕಿಂತ ಜಾಸ್ತಿ ರಕ್ತ ಹೋದರೆ ಅದನ್ನು ಪಿಪಿಎಚ್ ಎನ್ನುತ್ತೇವೆ. ತಾಯಂದಿರ ಜೀವಕ್ಕೆ ಎರವಾಗುವ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಕಣ್ಣಂದಾಜಿನಲ್ಲಿ ರಕ್ತ ಕಡಿಮೆ ಕಾಣುತ್ತದೆ ಎನ್ನುವುದು ಹೊಸ ವಿಷಯ ಅಲ್ಲ. ಅದನ್ನು ಅಳೆದು ತೋರಿಸಿದ್ದು ನಮ್ಮ ಪಕ್ಕದ ಬೆಳಗಾವಿಯಲ್ಲೇ. ಅಲ್ಲಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಹಳ್ಳಿ ಹೆರಿಗೆಗಳ ಅಧ್ಯಯನ ಮಾಡುವಾಗ, ರಕ್ತ ಅಳೆಯಲೆಂದೇ ಒಂದು ಪ್ಲಾಸ್ಟಿಕ್ ಹಾಳೆ ತಯಾರಿಸಿದರು. ತಾಯಿಯ ಕೆಳಗೆ ಹಾಸಿದರೆ ರಕ್ತ ಜಾರಿ ಕೆಳಗಿನ ಚೀಲಕ್ಕೆ ಬೀಳುತ್ತದೆ, ಚೀಲದ ಮೇಲೆ ಎಂಎಲ್ ಗೆರೆಗಳಿರುತ್ತವೆ. 2006ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ, ಕಣ್ಣಂದಾಜು ಆ ಹಾಳೆಯ ಅಳತೆಗಿಂತ 33% ಕಡಿಮೆ ಇತ್ತು. ಧಾರವಾಡದಿಂದ ಬೆಳಗಾವಿ ಎರಡು ತಾಸಿನೊಳಗಿನ ದಾರಿ. ಆದರೆ ಆ ವಿಷಯ ನಾನು ಕೆಲಸ ಮಾಡುವ ಕೋಣೆ ಮುಟ್ಟಲು ಹದಿನೇಳು ವರ್ಷ ಹಿಡಿಯಿತು, ಅದೂ ಆಫ್ರಿಕಾ ಸುತ್ತಿಕೊಂಡು ಬಂತು.

ಇಷ್ಟು ತಡ ಯಾಕಾಗುತ್ತದೆ, ಅದನ್ನು ಕಡಿಮೆ ಮಾಡಲು ನಮ್ಮಂಥವರು ಏನು ಮಾಡಬಹುದು ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ. ನಾನು ಗದಗ ಜಿಲ್ಲೆಯ ಒಂದು ತಾಲೂಕಾ ಆಸ್ಪತ್ರೆಯ ಹೆರಿಗೆ ವಿಭಾಗದ ನರ್ಸ್. ಸಂಶೋಧಕಿ ಅಲ್ಲ. ಪಿಎಚ್‌ಸಿ ಡಾಕ್ಟರ್, ನರ್ಸ್, ಪಿಎಚ್‌ಸಿಓ (ಮೊದಲು ಎಎನ್‌ಎಂ ಎನ್ನುತ್ತಿದ್ದವರು), ತಾಲೂಕಾ ಆರೋಗ್ಯಾಧಿಕಾರಿ ಅಂದರೆ ಟಿಎಚ್‌ಓ ಕಚೇರಿಯಲ್ಲಿ ಕೆಲಸ ಮಾಡುವವರು, ಆರೋಗ್ಯ ರಕ್ಷಾ ಸಮಿತಿಯಲ್ಲಿ ಇರುವವರು, ಇವರೆಲ್ಲ ಓದಲಿ ಎನ್ನುವ ಆಸೆ ಇದೆ.

ರಿಜಿಸ್ಟರ್ ತೆಗೆಯಿರಿ

ಎಲ್ಲರೂ ಸಂಶೋಧನೆಯ ಪೇಪರ್ ಓದುವುದರಿಂದ ಶುರು ಮಾಡಲು ಹೋಗುತ್ತಾರೆ. ಹಾಗೆ ಮಾಡಬೇಡಿ. ಮೊದಲು ನಿಮ್ಮದೇ ರಿಜಿಸ್ಟರ್ ತೆಗೆದು, ಒಂದು ವರ್ಷದ ಹಾಳೆ ತಿರುವಿ ಹಾಕಿ, ಯಾವ ತೊಂದರೆ ಮತ್ತೆ ಮತ್ತೆ ಬಂದಿದೆ, ಯಾರನ್ನು ಹುಬ್ಬಳ್ಳಿ ಕಿಮ್ಸ್‌ಗೋ ಗದಗಿನ ಜಿಮ್ಸ್‌ಗೋ ಕಳಿಸಿದಿರಿ, ಎಷ್ಟು ಹೊತ್ತಿಗೆ ಕಳಿಸಿದಿರಿ ಎಂದು ಬರೆದುಕೊಳ್ಳಿ.

ಹಿಂದೆ ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಒಬ್ಬ ತಾಯಿಗೆ ಹೆರಿಗೆ ಆದ ಮೇಲೆ ರಕ್ತ ನಿಲ್ಲಲಿಲ್ಲ. ನಮಗೆ ಅದು ಗೊತ್ತಾಗುವ ಹೊತ್ತಿಗೆ ಅವಳ ನಾಡಿ ಓಡುತ್ತಿತ್ತು, ಕೈಕಾಲು ತಣ್ಣಗಾಗಿದ್ದವು. 108 ಬಂತು, ಹುಬ್ಬಳ್ಳಿ ಮುಟ್ಟಿದಳು, ಜೀವ ಉಳಿಯಿತು, ಗರ್ಭಕೋಶ ತೆಗೆಯಬೇಕಾಯಿತು. ಅದು ಅವಳ ಮೊದಲ ಹೆರಿಗೆ. ಮರುವಾರ ರಿಜಿಸ್ಟರ್ ನೋಡಿದರೆ ರಕ್ತ ಹೋದ ಪ್ರಮಾಣದ ಕಾಲಂನಲ್ಲಿ 200 ಎಂಎಲ್ ಎಂದು ಇತ್ತು. ಮೇಲಿನ ಸಾಲಿನಲ್ಲೂ 200. ಅದರ ಮೇಲೂ 200. ಇಡೀ ತಿಂಗಳು ಎಲ್ಲ ತಾಯಂದಿರಿಗೂ ಒಂದೇ ಅಳತೆ! ಬರೆದವರು ಸುಳ್ಳುಗಾರರಲ್ಲ, ಆ ಅಕ್ಷರಗಳಲ್ಲಿ ನನ್ನವೂ ಇದ್ದವು. ಅಳೆಯಲು ಏನೂ ಇರಲಿಲ್ಲ, ಕಾಲಂ ಮಾತ್ರ ಇತ್ತು, ಅದನ್ನು ತುಂಬಲೇಬೇಕಿತ್ತು.

ನಿಮ್ಮ ರಿಜಿಸ್ಟರ್‌ನಲ್ಲೂ ಇಂಥ ಒಂದು ಕಾಲಂ ಇದ್ದೇ ಇರುತ್ತದೆ. ಎಲ್ಲರಿಗೂ ಒಂದೇ ಬಿಪಿ ಬರೆದಿರಬಹುದು, ಎಲ್ಲ ಕೂಸುಗಳಿಗೂ ಒಂದೇ ಹೊತ್ತಿಗೆ ಎದೆಹಾಲು ಎಂದು ಇರಬಹುದು. ಒಂದೇ ಅಂಕಿ ಸಾಲಾಗಿ ನಿಂತಿದ್ದರೆ ಅಲ್ಲಿ ಅಳತೆ ಆಗುತ್ತಿಲ್ಲ ಎಂದು ಅರ್ಥ. ಅಲ್ಲಿಂದ ಶುರು ಮಾಡಿ. ಒಂದೇ ತೊಂದರೆ ಆರಿಸಿಕೊಳ್ಳಿ. ಮೂರು ಆರಿಸಿಕೊಂಡರೆ ಒಂದೂ ಆಗುವುದಿಲ್ಲ, ಇದನ್ನು ಕಣ್ಣಾರೆ ನೋಡಿದ್ದೇನೆ.

ಪ್ರಶ್ನೆಯನ್ನು ಬಿಡಿಸಿ ಕೇಳಿ

"ಪಿಪಿಎಚ್‌ಗೆ ಏನು ಮಾಡಬೇಕು" ಎನ್ನುವುದು ಹುಡುಕಲು ಬರುವ ಪ್ರಶ್ನೆ ಅಲ್ಲ. ಅದನ್ನು ನಾಲ್ಕು ತುಂಡು ಮಾಡಿ. ಯಾರಿಗೆ? ಏನು ಮಾಡಿದರು? ಯಾವುದಕ್ಕೆ ಹೋಲಿಸಿದರು? ಕೊನೆಗೆ ಏನಾಯಿತು? ಯಾವ ಸಂಶೋಧನೆ ಓದಿದರೂ ಈ ನಾಲ್ಕಕ್ಕೆ ಉತ್ತರ ಸಿಗುವವರೆಗೆ ಮುಂದೆ ಹೋಗಬೇಡಿ. ಮೂರನೆಯದನ್ನಂತೂ ಬಿಡಲೇಬೇಡಿ.

ಯಾಕೆ ಹೇಳುತ್ತೇನೆ ನೋಡಿ. ಬೆಳಗಾವಿಯ ಆ ಅಧ್ಯಯನದ ಮುಖ್ಯ ಭಾಗ, ಗರ್ಭಕೋಶ ಬಿಗಿ ಮಾಡಿ ರಕ್ತ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯದು. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ತಾಯಂದಿರು ಅದರಲ್ಲಿ ಇದ್ದರು, ಹೆರಿಗೆ ಮಾಡಿಸಿದವರು ಎಎನ್‌ಎಂ ಅಕ್ಕಂದಿರು. ಅರ್ಧ ಜನಕ್ಕೆ ಹೆರಿಗೆ ಆದ ಕೂಡಲೇ 600 ಮೈಕ್ರೋಗ್ರಾಂ ಮಾತ್ರೆ, ಉಳಿದ ಅರ್ಧ ಜನಕ್ಕೆ ಔಷಧ ಇಲ್ಲದ, ನೋಡಲು ಅದೇ ಥರದ ಮಾತ್ರೆ. ಪಿಪಿಎಚ್ 12%ರಿಂದ 6.4%ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು, ಜಗತ್ತೇ ಓದಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪಿಪಿಎಚ್ ತಡೆಯಲು ಈ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಇದನ್ನು ಮೊದಲ ಸಲ ಓದಿದಾಗ ನನಗೆ ಎಷ್ಟು ಖುಷಿ ಆಯಿತೆಂದರೆ, ಮರುದಿನವೇ ಮೇಡಂ ಹತ್ತಿರ ಹೋಗಿ ನಮ್ಮಲ್ಲೂ ಎಲ್ಲರಿಗೂ ಇದನ್ನೇ ಕೊಡೋಣ ಎಂದೆ. ಅವರು ಪೇಪರ್ ತೆಗೆದುಕೊಂಡು ಒಂದೇ ಮಾತು ಕೇಳಿದರು. "ಸಿಸ್ಟರ್, ಯಾವುದಕ್ಕೆ ಹೋಲಿಸ್ಯಾರ ನೋಡಿದ್ರೇನು?" ಹೋಲಿಸಿದ್ದು ಔಷಧ ಇಲ್ಲದ ಮಾತ್ರೆಗೆ. ಅದೇ ಕೆಲಸ ಮಾಡುವ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡಲು ಆಗದ ಹಳ್ಳಿಮನೆಯಲ್ಲಿ, ಸಬ್‌ಸೆಂಟರ್‌ನಲ್ಲಿ ಆ ಮಾತ್ರೆ ಜೀವ ಉಳಿಸುತ್ತದೆ. ನಮ್ಮಲ್ಲಿ ಫ್ರಿಜ್ ಇದೆ, ಇಂಜೆಕ್ಷನ್ ಇದೆ, ಕೊಡುವ ಕೈ ಇದೆ. ಇವೆಲ್ಲ ಇದ್ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಆಕ್ಸಿಟೋಸಿನ್ 10 ಯೂನಿಟ್. ಅಂದರೆ ಆ ಸಂಶೋಧನೆ ನಿಜ, ಆದರೆ ಅದು ಉತ್ತರ ಕೊಟ್ಟ ಪ್ರಶ್ನೆ ನಮ್ಮದಲ್ಲ. ನಮಗೆ ಬೇಕಿದ್ದದ್ದು ಆ ಅಧ್ಯಯನದ ಪ್ಲಾಸ್ಟಿಕ್ ಹಾಳೆ, ಮಾತ್ರೆ ಅಲ್ಲ.

ಎಲ್ಲಿ ಹುಡುಕಬೇಕು

ಇದರಲ್ಲಿ ಜಾಸ್ತಿ ಹೇಳುವುದೇನಿಲ್ಲ, ಹುಡುಕುವ ಕ್ರಮ ಮಾತ್ರ ನೆನಪಿಡಿ. ಮೊದಲು ಮಾರ್ಗಸೂಚಿ: ವಿಶ್ವ ಆರೋಗ್ಯ ಸಂಸ್ಥೆಯದು, ಕೇಂದ್ರ ಆರೋಗ್ಯ ಇಲಾಖೆಯದು, ಐಸಿಎಂಆರ್‌ನವರು ಒಂದೊಂದು ಕಾಯಿಲೆಗೆ ಒಂದೇ ಹಾಳೆಯಲ್ಲಿ ಮಾಡಿರುವ ಚಿಕಿತ್ಸಾ ಕ್ರಮ. ಎಲ್ಲವೂ ಪುಕ್ಕಟೆ. ಅಲ್ಲಿ ಸಿಗದಿದ್ದರೆ ಕಾಕ್ರೇನ್ ನೋಡಿ. ಒಂದು ಪ್ರಶ್ನೆಯ ಮೇಲೆ ಜಗತ್ತಿನಲ್ಲಿ ಆದ ಎಲ್ಲ ಒಳ್ಳೆಯ ಅಧ್ಯಯನಗಳನ್ನು ಒಟ್ಟು ಹಾಕಿ ಲೆಕ್ಕ ನೋಡುವ ಕೆಲಸ ಅವರದು, ಜನಸಾಮಾನ್ಯರಿಗೆ ಅರ್ಥವಾಗುವ ಸಾರಾಂಶವನ್ನೂ ಬರೆದಿರುತ್ತಾರೆ. ಒಂಟಿ ಅಧ್ಯಯನ ಕೊನೆಗೆ. ಒಂದು ಪೇಪರ್ ಒಂದು ಮಾತು ಹೇಳುತ್ತದೆ, ಮರುವರ್ಷ ಇನ್ನೊಂದು ಬಂದು ಬೇರೆ ಹೇಳಬಹುದು.

ಕಾಕ್ರೇನ್‌ನವರ ಗುರುತಿನ ಚಿತ್ರ ನೋಡಿದ್ದೀರಾ? ವೃತ್ತದೊಳಗೆ ಸಣ್ಣ ಸಣ್ಣ ಗೆರೆಗಳು. ಅದು ಸುಮ್ನೆ ಬರೆದ ಚಿತ್ರ ಅಲ್ಲ. ದಿನ ತುಂಬುವ ಮೊದಲೇ ಹೆರಿಗೆ ಆಗುವ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕೂಸು ಉಳಿಯುತ್ತದೆಯೇ ಎಂದು ನೋಡಿದ ಅಧ್ಯಯನಗಳು ಆ ಗೆರೆಗಳು. ಮೊದಲನೆಯದು 1972ರಲ್ಲಿ ನ್ಯೂಜಿಲೆಂಡ್‌ನಿಂದ ಬಂತು. ಎಲ್ಲವನ್ನೂ ಒಟ್ಟು ಹಾಕಿ ನೋಡುವವರೆಗೆ ಬಹಳ ಡಾಕ್ಟರುಗಳು ಅದನ್ನು ನಂಬಲಿಲ್ಲ, ಅಷ್ಟು ವರ್ಷ ಕೂಸುಗಳು ಸುಮ್ನೆ ಹೋದವು. ತಡ ಆಗುವುದು ನಮ್ಮ ಸೀಮೆಯಲ್ಲಿ ಮಾತ್ರ ಅಲ್ಲ.

ಇಂಗ್ಲಿಷ್ ತೊಡಕು ಎನಿಸಿದರೆ ನಾಚಿಕೆ ಪಡಬೇಡಿ. ಹುಬ್ಬಳ್ಳಿ, ಗದಗ, ಹಾವೇರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇವೆ. ಅಲ್ಲಿಂದ ನಿಮ್ಮ ಆಸ್ಪತ್ರೆಗೆ ಬರುವ ಹುಡುಗ ಹುಡುಗಿಯರಿಗೆ ಒಂದು ಪೇಪರ್ ಕೊಟ್ಟು, ಆ ನಾಲ್ಕು ಪ್ರಶ್ನೆಗೆ ಉತ್ತರ ಕನ್ನಡದಲ್ಲಿ ಹೇಳಿ ಎಂದರೆ ಖುಷಿಯಿಂದ ಮಾಡುತ್ತಾರೆ. ಔಷಧ ಕಂಪನಿಯ ರೆಪ್ ತಂದುಕೊಡುವ ಬಣ್ಣದ ಹಾಳೆಯನ್ನು ಮಾತ್ರ ಆಧಾರ ಎಂದುಕೊಳ್ಳಬೇಡಿ. ವಾಟ್ಸಾಪ್‌ನಲ್ಲಿ ಬಂದದ್ದನ್ನಂತೂ ಬೇಡವೇ ಬೇಡ.

ನಮ್ಮ ನೆಲಕ್ಕೆ ಹೊಂದುತ್ತದೆಯೇ

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಬೀಜ ಒಳ್ಳೆಯದೇ ಇರಬಹುದು, ಎರೆ ಹೊಲಕ್ಕೆ ಬರುವ ಬೆಳೆ ಮಸಾರಿಗೆ ಬರುವುದಿಲ್ಲ. ಇದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ.

ಅದೇ ಸ್ಟೀರಾಯ್ಡ್ ಕಥೆ ಮುಂದುವರಿಸುತ್ತೇನೆ. ದೊಡ್ಡ ಆಸ್ಪತ್ರೆಗಳಲ್ಲಿ ಅದು ಕೂಸುಗಳನ್ನು ಉಳಿಸುತ್ತದೆ ಎಂದು ಖಾತ್ರಿ ಆದ ಮೇಲೆ, ಹಳ್ಳಿ ಹಳ್ಳಿಗೂ ತಲುಪಿಸೋಣ ಎಂದು ಆರು ದೇಶಗಳಲ್ಲಿ ಒಂದು ದೊಡ್ಡ ಪ್ರಯೋಗ ಮಾಡಿದರು. ಸುಮಾರು ಒಂದು ಲಕ್ಷ ಹೆರಿಗೆಗಳು. ಅದರಲ್ಲೂ ನಮ್ಮ ಬೆಳಗಾವಿ ಇತ್ತು. 2015ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿದರು. ಸ್ಟೀರಾಯ್ಡ್ ಹಂಚಿದ ಊರುಗಳಲ್ಲಿ ಮೊದಲ 28 ದಿನದಲ್ಲಿ ಸತ್ತ ಕೂಸುಗಳು ಸಾವಿರಕ್ಕೆ 27.4, ಹಂಚದ ಊರುಗಳಲ್ಲಿ 23.9. ಸಾವು ಕಡಿಮೆ ಆಗುವುದು ಬಿಟ್ಟು ಜಾಸ್ತಿ ಆಗಿತ್ತು. ತಾಯಂದಿರಲ್ಲಿ ಸೋಂಕಿನ ಅನುಮಾನವೂ ಹೆಚ್ಚಿತ್ತು. ಎಷ್ಟನೇ ವಾರ ಎಂದು ಹಳ್ಳಿಯಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ, ಹಾಗಾಗಿ ಇಂಜೆಕ್ಷನ್ ತೆಗೆದುಕೊಂಡ ಎಷ್ಟೋ ಜನ ದಿನ ತುಂಬಿಯೇ ಹೆತ್ತಿದ್ದರು.

ಹಾಗಾದರೆ ಸ್ಟೀರಾಯ್ಡ್ ಕೆಟ್ಟದ್ದೇ? ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ಮತ್ತೆ ನೋಡಿದರು, 2020ರಲ್ಲಿ ಫಲಿತಾಂಶ ಬಂತು. ಸ್ಕ್ಯಾನ್ ಮಾಡಿ ವಾರ ಗೊತ್ತುಮಾಡಿಕೊಂಡು, 34 ವಾರ ಆಗುವ ಮುಂಚೆ, ಸಣ್ಣ ಕೂಸನ್ನು ನೋಡಿಕೊಳ್ಳುವ ವ್ಯವಸ್ಥೆ ಇರುವಲ್ಲಿ ಕೊಟ್ಟರು. ಕೂಸುಗಳ ಸಾವು 23.5%ರಿಂದ 19.6%ಕ್ಕೆ ಇಳಿಯಿತು. ಔಷಧ ಅದೇ, ಕೊಟ್ಟ ಜಾಗ ಬೇರೆ.

ಆದ್ದರಿಂದ ಅಧ್ಯಯನ ನಡೆದ ಜಾಗದಲ್ಲಿ ಏನೇನು ಇತ್ತು ಎಂದು ಪಟ್ಟಿ ಮಾಡಿ, ಪಕ್ಕದಲ್ಲಿ ನಿಮ್ಮಲ್ಲಿ ಏನಿದೆ ಎಂದು ಬರೆಯಿರಿ. ರಾತ್ರಿ ಎಷ್ಟು ಜನ ಡ್ಯೂಟಿಯಲ್ಲಿ ಇರುತ್ತೀರಿ? ಕರೆಂಟ್ ಹೋದರೆ ಎಷ್ಟು ಹೊತ್ತು? ರಕ್ತನಿಧಿ ಎಷ್ಟು ದೂರ? ಮುಂಡರಗಿಯಿಂದ, ನರಗುಂದದಿಂದ, ಹಾನಗಲ್‌ನಿಂದ ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಏನಾಗಬಹುದು? ಪೇಪರ್‌ನಲ್ಲಿ ಇದ್ದು ನಿಮ್ಮಲ್ಲಿ ಇಲ್ಲದ್ದು ಸಣ್ಣದಾದರೆ ಹೊಂದಿಸಿಕೊಳ್ಳಿ, ಬುಡವೇ ಇಲ್ಲದಿದ್ದರೆ ಆ ಕೆಲಸ ಬಿಡಿ, ಅಥವಾ ಮೊದಲು ಬುಡ ಕೇಳಿ ಪಡೆಯಿರಿ.

ಕೈ ಹಾಕುವುದು

ಈಗ ಆಫ್ರಿಕಾದ ವಿಷಯಕ್ಕೆ ಬರುತ್ತೇನೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾ, ಈ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಇ-ಮೋಟಿವ್ ಎನ್ನುವ ಅಧ್ಯಯನ ನಡೆಯಿತು. ಎರಡು ಲಕ್ಷಕ್ಕೂ ಜಾಸ್ತಿ ತಾಯಂದಿರು. ಬೆಳಗಾವಿಯಲ್ಲಿ ಹುಟ್ಟಿದಂಥದ್ದೇ ಗೆರೆ ಇರುವ ಹಾಳೆಯಲ್ಲಿ ರಕ್ತ ಅಳೆಯುವುದು, 500 ಎಂಎಲ್ ಮುಟ್ಟಿದರೆ, ಅಥವಾ 300 ಮುಟ್ಟಿ ನಾಡಿ, ಬಿಪಿ ಹೆಚ್ಚುಕಮ್ಮಿ ಆದರೆ, ಕಾಯದೆ ಎಲ್ಲವನ್ನೂ ಒಟ್ಟಿಗೆ ಶುರು ಮಾಡುವುದು: ಗರ್ಭಕೋಶ ತಿಕ್ಕುವುದು, ಅದನ್ನು ಬಿಗಿ ಮಾಡುವ ಔಷಧ, ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್, ಸಲೈನ್, ರಕ್ತ ಎಲ್ಲಿಂದ ಬರುತ್ತಿದೆ ಎಂಬ ಪರೀಕ್ಷೆ, ನಿಲ್ಲದಿದ್ದರೆ ಮೇಲಿನವರಿಗೆ ಕರೆ. ಒಂದು ಕೊಟ್ಟು ಹದಿನೈದು ನಿಮಿಷ ನೋಡಿ ಇನ್ನೊಂದು ಕೊಡುವ ಹಳೆ ರೂಢಿ ಬಿಟ್ಟರು. 2023ರಲ್ಲಿ ಫಲಿತಾಂಶ ಬಂತು. ಒಂದು ಲೀಟರ್‌ಗೂ ಮೀರಿದ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಸಾವು, ಇವೆಲ್ಲ ಸೇರಿ 4.3% ಇದ್ದದ್ದು 1.6% ಆಯಿತು.

ಅದರಲ್ಲಿ ಹೊಸ ಔಷಧ ಒಂದೂ ಇಲ್ಲ, ಗಮನಿಸಿದಿರಾ? ಟ್ರಾನೆಕ್ಸಾಮಿಕ್ ಆಸಿಡ್ ಅನ್ನು ಜಪಾನಿನ ಉತಾಕೊ ಒಕಾಮೊಟೊ ಎನ್ನುವ ವಿಜ್ಞಾನಿ ತಮ್ಮ ಪತಿಯ ಜೊತೆ ಸೇರಿ ಕಂಡುಹಿಡಿದು 1962ರಲ್ಲೇ ಪ್ರಕಟಿಸಿದ್ದರು. ಬಾಣಂತಿಯರ ರಕ್ತಸ್ರಾವಕ್ಕೆ ಅದು ಕೆಲಸ ಮಾಡುತ್ತದೆ ಎಂದು 20,060 ತಾಯಂದಿರ ಅಧ್ಯಯನದಿಂದ ಖಾತ್ರಿ ಆದದ್ದು 2017ರಲ್ಲಿ. ಹೆರಿಗೆಯಾದ ಮೂರು ತಾಸಿನೊಳಗೆ ಕೊಡಬೇಕು, 1 ಗ್ರಾಂ, ರಕ್ತನಾಳಕ್ಕೆ ನಿಧಾನವಾಗಿ. ತಡ ಆದ ಒಂದೊಂದು ಹದಿನೈದು ನಿಮಿಷಕ್ಕೂ ಅದರ ಲಾಭ ಸುಮಾರು 10% ಇಳಿಯುತ್ತದೆ. ಹಾಗಾದರೆ ಆ ಔಷಧ ಎಲ್ಲಿರಬೇಕು? ನಮ್ಮಲ್ಲಿ ಅದು ಔಷಧ ಕೊಠಡಿಯಲ್ಲಿ, ಬೀಗದೊಳಗೆ ಇತ್ತು. ರಾತ್ರಿ ಬೀಗದ ಕೈ ಹುಡುಕಬೇಕಿತ್ತು.

ನಾವು ಮಾಡಿದ ಮೊದಲ ಬದಲಾವಣೆ ಅದೇ. ಮುಚ್ಚಳ ಇರುವ ಒಂದು ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಟ್ರಾನೆಕ್ಸಾಮಿಕ್ ಆಸಿಡ್, ದಪ್ಪ ಕ್ಯಾನುಲಾ ಎರಡು, ಸಲೈನ್ ಸೆಟ್, ಸಿರಿಂಜು, ಗ್ಲೌಸು, ಕ್ಯಾಥೆಟರ್. ಆಕ್ಸಿಟೋಸಿನ್ ಮಾತ್ರ ಡಬ್ಬಿಯಲ್ಲಿ ಇಡಲಿಲ್ಲ. ಅದು 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಕಿಟಕಿ ಪಕ್ಕದ ಟ್ರೇನಲ್ಲಿ ದಿನಗಟ್ಟಲೆ ಇಟ್ಟ ಆಂಪೂಲ್ ಕೊಟ್ಟು, ಆಮೇಲೆ ರಕ್ತ ಯಾಕೆ ನಿಲ್ಲಲಿಲ್ಲ ಎಂದರೆ ಏನು ಹೇಳುವುದು? ಡಬ್ಬಿಯ ಮೇಲೆ "ಆಕ್ಸಿಟೋಸಿನ್ ಫ್ರಿಜ್‌ನಲ್ಲಿ" ಎಂದು ಕೆಂಪು ಅಕ್ಷರದಲ್ಲಿ ಬರೆದೆವು.

ಗೆರೆ ಹಾಳೆ ಕೂಡಲೇ ಸಿಗಲಿಲ್ಲ. ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿ ಕೂತರೆ ಆಗುವುದಿಲ್ಲ ಎಂದು ಹುಬ್ಬಳ್ಳಿ ದುರ್ಗದಬೈಲಿನಿಂದ ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದೆವು. ಒಣ ಪ್ಯಾಡಿನ ತೂಕ ಗೋಡೆಯ ಮೇಲೆ ಬರೆದಿಡಿ, ತೊಯ್ದ ಪ್ಯಾಡು ತೂಗಿ ಅದನ್ನು ಕಳೆಯಿರಿ. 1 ಗ್ರಾಂ ಅಂದರೆ ಹೆಚ್ಚುಕಡಿಮೆ 1 ಎಂಎಲ್. ಹಾಳೆಯಷ್ಟು ಸಲೀಸಲ್ಲ, ಆದರೂ ಕಣ್ಣಂದಾಜಿಗಿಂತ ಎಷ್ಟೋ ಮೇಲು.

ಯಾರನ್ನು ಕೂರಿಸಿಕೊಂಡು ಮಾತಾಡಬೇಕು ಎನ್ನುವುದೂ ಮುಖ್ಯ. ನಾವು ಮೊದಲ ಮೀಟಿಂಗ್‌ಗೆ ಡಾಕ್ಟರ್, ನರ್ಸ್ ಮಾತ್ರ ಕರೆದಿದ್ದೆವು. ಎರಡನೆಯದಕ್ಕೆ ನಮ್ಮ ಆಯಾ ಕೂಡ ಬಂದರು, ಎಲ್ಲರೂ ಅವರನ್ನು ದೊಡ್ಡವ್ವ ಎಂದೇ ಕರೆಯುತ್ತೇವೆ. ಎಲ್ಲ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟೇ. "ಬಟ್ಟಿ ಬದಲಿ ಮಾಡಾಕಿ ನಾನ. ಎರಡನೇದ್ದು ತೊಯ್ದ ಕೂಡ್ಲೆ ನನಗ ಗೊತ್ತಾಗ್ತೈತ್ರಿ. ಹೇಳಿದ್ರ ಯಾರ್ ಕೇಳ್ತಾರ?" ಯಾರೂ ಮಾತಾಡಲಿಲ್ಲ. ಅವತ್ತಿನಿಂದ ನಿಯಮ ಮಾಡಿದೆವು, ದೊಡ್ಡವ್ವ ಆಗಲಿ, ಬೇರೆ ಯಾವ ಆಯಾ ಆಗಲಿ, "ಎರಡನೇದು" ಎಂದು ಕೂಗಿದರೆ ಡ್ಯೂಟಿ ಸಿಸ್ಟರ್ ಬಂದು ತೂಗಿ ನೋಡಲೇಬೇಕು. ನನ್ನ ಲೆಕ್ಕದಲ್ಲಿ ತಕ್ಕಡಿಗಿಂತ ಇದೇ ದೊಡ್ಡ ಬದಲಾವಣೆ.

ತರಬೇತಿ ಕೊಟ್ಟು ಚಾರ್ಟ್ ಅಂಟಿಸಿದರೆ ಮುಗಿಯಿತು ಎಂದುಕೊಂಡವರಿಗೆ ಉತ್ತರ ಪ್ರದೇಶದ ಒಂದು ಅನುಭವ ಹೇಳಬೇಕು. ಅಲ್ಲಿ 120 ಆಸ್ಪತ್ರೆಗಳಲ್ಲಿ ಬೆಟರ್‌ಬರ್ತ್ ಎನ್ನುವ ಅಧ್ಯಯನ ನಡೆಯಿತು, 2017ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಕಡೆ ಹೆರಿಗೆಯ ಚೆಕ್‌ಲಿಸ್ಟ್ ಕೊಟ್ಟು, ಜೊತೆಗೆ ನಿಂತು ಹೇಳಿಕೊಡುವ ಕೋಚ್‌ಗಳನ್ನು ಎಂಟು ತಿಂಗಳು ಕಳಿಸಿದರು. ಎರಡನೇ ತಿಂಗಳಲ್ಲಿ, ಮಾಡಬೇಕಾದ ಕೆಲಸಗಳಲ್ಲಿ ಅಲ್ಲಿ 73% ಆಗುತ್ತಿದ್ದವು, ಬೇರೆ ಕಡೆ 42%. ಕೋಚ್‌ಗಳು ಹೋಗಿ ನಾಲ್ಕು ತಿಂಗಳಾದ ಮೇಲೆ 73 ಇದ್ದದ್ದು 62ಕ್ಕೆ ಇಳಿಯಿತು. ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೈ ತೊಳೆಯುವುದು, ಬಿಪಿ ನೋಡುವುದು ಬೇಕೇ ಬೇಕು, ಆದರೆ ತುರ್ತು ಬಂದಾಗ ಔಷಧ, ರಕ್ತ, ಕೌಶಲ ಇಲ್ಲದಿದ್ದರೆ ಪಟ್ಟಿಯೊಂದೇ ಜೀವ ಉಳಿಸುವುದಿಲ್ಲ ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ.

ಅಂಕಿ ಮೊದಲು ಏರುತ್ತದೆ, ಹೆದರಬೇಡಿ

ಇದನ್ನು ಯಾರೂ ಮುಂಚೆ ಹೇಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತೇನೆ. ನೀವು ಸರಿಯಾಗಿ ಅಳೆಯಲು ಶುರು ಮಾಡಿದ ತಿಂಗಳು ನಿಮ್ಮ ಆಸ್ಪತ್ರೆಯಲ್ಲಿ ಪಿಪಿಎಚ್ ಜಾಸ್ತಿ ಆಗುತ್ತದೆ. ಜಾಸ್ತಿ ಆಗಿದ್ದು ರಕ್ತಸ್ರಾವ ಅಲ್ಲ, ಅದು ನಿಮ್ಮ ಕಣ್ಣಿಗೆ ಬೀಳುವುದು. ಇ-ಮೋಟಿವ್‌ನಲ್ಲಿ ಹಳೆ ಪದ್ಧತಿಯ ಆಸ್ಪತ್ರೆಗಳು ನಿಜವಾದ ಪಿಪಿಎಚ್‌ನಲ್ಲಿ 51% ಮಾತ್ರ ಹಿಡಿದವು, ಹೊಸ ಪದ್ಧತಿಯವು 93% ಹಿಡಿದವು. ಅಂದರೆ ನಾವು "ನಮ್ಮಲ್ಲಿ ಪಿಪಿಎಚ್ ಇಲ್ಲ" ಎಂದು ಹೇಳಿಕೊಳ್ಳುತ್ತಿದ್ದ ದಿನಗಳಲ್ಲಿ ಅರ್ಧ ತಾಯಂದಿರನ್ನು ನೋಡಿಯೇ ಇರಲಿಲ್ಲ.

ಮಾಸಿಕ ವರದಿಯಲ್ಲಿ ಆ ಅಂಕಿ ಏರಿದಾಗ ಮೇಲಿನಿಂದ ಫೋನ್ ಬರುತ್ತದೆ, ಯಾಕೆ ಇಷ್ಟು ಕೇಸು ಎಂದು. ಬೈಗುಳ ತಿಂದ ಸಿಸ್ಟರ್ ಮುಂದಿನ ತಿಂಗಳು ಮತ್ತೆ 200 ಎಂದು ಬರೆಯುತ್ತಾಳೆ. ಅಲ್ಲಿಗೆ ಮುಗಿಯಿತು. ಆದ್ದರಿಂದ ಶುರು ಮಾಡುವ ಮುಂಚೆಯೇ ಟಿಎಚ್‌ಓಗೆ, ತಾಯಿ ಮಕ್ಕಳ ಆರೋಗ್ಯ ನೋಡುವ ಆರ್‌ಸಿಎಚ್ ಅಧಿಕಾರಿಗೆ ಒಂದು ಪತ್ರ ಕೊಡಿ. ಇಂಥ ತಾರೀಖಿನಿಂದ ನಾವು ಅಳೆಯುತ್ತೇವೆ, ಪಿಪಿಎಚ್ ಸಂಖ್ಯೆ ಏರುತ್ತದೆ, ಅದರ ಜೊತೆ ಒಂದು ಲೀಟರ್ ಮೀರಿದ ಕೇಸುಗಳನ್ನೂ, ತಡವಾಗಿ ರೆಫರ್ ಆದವರನ್ನೂ ಬೇರೆಯಾಗಿ ಲೆಕ್ಕ ಇಡುತ್ತೇವೆ ಎಂದು ಬರೆಯಿರಿ. ಇಳಿಯಬೇಕಾದದ್ದು ಬೇರೆಯಾಗಿ ಇಟ್ಟ ಈ ಎರಡು ಲೆಕ್ಕ.

ಲೆಕ್ಕ ಸರಳ ಇರಲಿ. ಗೋಡೆಗೆ ಒಂದು ಚೌಕುಳಿ ಹಾಳೆ, ವಾರಕ್ಕೊಂದು ಚುಕ್ಕೆ. ಎಷ್ಟು ಹೆರಿಗೆ, ಎಷ್ಟರಲ್ಲಿ ಅಳೆದೆವು, ಪಿಪಿಎಚ್ ಎಷ್ಟು, 500 ದಾಟಿದ ಮೇಲೆ ಔಷಧ ಕೊಡಲು ಎಷ್ಟು ನಿಮಿಷ ಹಿಡಿಯಿತು. ತಾಯಂದಿರ ಹೆಸರು ಗೋಡೆಯ ಮೇಲೂ ಬೇಡ, ವಾಟ್ಸಾಪ್ ಗುಂಪಿನಲ್ಲೂ ಬೇಡ. ಯಾರ ಡ್ಯೂಟಿಯಲ್ಲಿ ಆಯಿತು ಎಂದೂ ಬರೆಯಬೇಡಿ. ಒಬ್ಬರ ಹೆಸರು ಗೋಡೆಗೆ ಬಂದ ದಿನವೇ ಎಲ್ಲರ ಅಂಕಿಯೂ ಸುಳ್ಳಾಗಲು ಶುರುವಾಗುತ್ತದೆ.

ಮೇಲಕ್ಕೆ ಒಯ್ಯುವುದು

ಆರು ತಿಂಗಳ ಲೆಕ್ಕ ಕೈಯಲ್ಲಿ ಇದ್ದರೆ ಅಧಿಕಾರಿಗಳ ಮುಂದೆ ಮಾತಾಡುವ ಧೈರ್ಯವೇ ಬೇರೆ. ಒಂದೇ ಪುಟ ಬರೆಯಿರಿ. ಮೇಲೆ ನಮ್ಮ ತೊಂದರೆ, ನಮ್ಮದೇ ಅಂಕಿ ಹಾಕಿ. ಆಮೇಲೆ ಮಾರ್ಗಸೂಚಿ ಏನು ಹೇಳುತ್ತದೆ, ಎರಡು ಸಾಲು. ನಾವು ಏನು ಮಾಡಿದೆವು, ಏನಾಯಿತು. ಕೊನೆಗೆ ಏನು ಬೇಕು, ಎಷ್ಟು ಬೇಕು, ಎಷ್ಟು ರೂಪಾಯಿ. "ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ" ಎಂದು ಬರೆದರೆ ಸೂಕ್ತ ಕ್ರಮ ಏನೆಂದು ಓದುವವರಿಗೆ ಗೊತ್ತಾಗುವುದಿಲ್ಲ. ತಿಂಗಳಿಗೆ ಇಷ್ಟು ಗೆರೆ ಹಾಳೆ, ಹೆರಿಗೆ ಕೋಣೆಯೊಳಗೆ ಒಂದು ಸಣ್ಣ ಫ್ರಿಜ್, ಹೀಗೆ ಬರೆಯಿರಿ.

ಸಣ್ಣ ಖರ್ಚನ್ನು ಆರೋಗ್ಯ ರಕ್ಷಾ ಸಮಿತಿಯಲ್ಲಿ ಕೇಳಿ. ಸಮಿತಿಯ ಸದಸ್ಯರಿಗೆ ಪೇಪರ್ ಓದಿ ಹೇಳುವುದಕ್ಕಿಂತ ಆ ಕುಂಕುಮ ನೀರಿನ ಆಟ ಆಡಿಸಿ, ಹತ್ತು ನಿಮಿಷ ಸಾಕು. ನಮ್ಮಲ್ಲಿ ಒಬ್ಬ ಸದಸ್ಯರು ಚೀಟಿಯಲ್ಲಿ 150 ಎಂದು ಬರೆದು, ಅರ್ಧ ಲೀಟರ್ ಎಂದು ಗೊತ್ತಾದಾಗ ಸುಮ್ಮನೆ ಕೂತುಬಿಟ್ಟರು. ಅವರ ಸೊಸೆಗೆ ಆಗ ಏಳು ತಿಂಗಳು. ಫ್ರಿಜ್ ಆ ಮೀಟಿಂಗ್‌ನಲ್ಲೇ ಮಂಜೂರಾಯಿತು. ದೊಡ್ಡ ಖರ್ಚು ಜಿಲ್ಲೆಯ ಆರೋಗ್ಯ ಯೋಜನೆ ಅಂದರೆ ಪಿಐಪಿಯಲ್ಲಿ ಸೇರಬೇಕು, ಅದಕ್ಕೆ ಬೇಡಿಕೆ ಕೇಳುವ ಹೊತ್ತಿಗಿಂತ ಮುಂಚೆಯೇ ಜಿಲ್ಲಾ ಆರೋಗ್ಯಾಧಿಕಾರಿಯ (ಡಿಎಚ್‌ಓ) ಕಚೇರಿಗೆ ನಿಮ್ಮ ಪುಟ ಮುಟ್ಟಿರಬೇಕು. ಕೇಳಿದ ಮೇಲೆ ಬರೆಯಲು ಕೂತರೆ ಆ ವರ್ಷ ಹೋಯಿತು. ಪಕ್ಕದ ತಾಲೂಕಿನವರೂ ಅದನ್ನೇ ಕೇಳಿದ್ದರೆ ನಿಮ್ಮ ಮಾತಿಗೆ ಇನ್ನಷ್ಟು ತೂಕ, ಹಾಗಾಗಿ ಗದಗದವರು, ಹಾವೇರಿಯವರು, ಧಾರವಾಡದವರು ಫೋನ್ ಮಾಡಿ ಮಾತಾಡಿಕೊಳ್ಳಿ.

ಹೆರಿಗೆ ಇಲ್ಲದ ಪಿಎಚ್‌ಸಿಯಲ್ಲಿ ಇದ್ದೀರಾ? ದಾರಿ ಇದೇ, ವಿಷಯ ಬೇರೆ. ಉದಾಹರಣೆಗೆ ಮಕ್ಕಳ ಭೇದಿ. ಓಆರ್‌ಎಸ್ ಜೊತೆ ಜಿಂಕ್ ಮಾತ್ರೆ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ 2004ರಲ್ಲೇ ಹೇಳಿವೆ, ನಮ್ಮಲ್ಲಿ 14 ದಿನ ಕೊಡುತ್ತೇವೆ. ನಿಮ್ಮ ಆಶಾ ಅಕ್ಕಂದಿರನ್ನು ಕೇಳಿ, ಕೊಟ್ಟ 14 ಮಾತ್ರೆಯಲ್ಲಿ ಎಷ್ಟು ಉಳಿದಿವೆ ಎಂದು ಹತ್ತು ಮನೆಯಲ್ಲಿ ಎಣಿಸಿಕೊಂಡು ಬರಲಿ. ಭೇದಿ ನಿಂತ ಮೂರನೇ ದಿನಕ್ಕೆ ತಾಯಿ ಮಾತ್ರೆ ನಿಲ್ಲಿಸಿರುತ್ತಾಳೆ, ಯಾಕೆಂದರೆ ನಾವು ಅವಳಿಗೆ ಮಾತ್ರೆ ಕೊಟ್ಟೆವು, ಕಾರಣ ಕೊಡಲಿಲ್ಲ.

ಇನ್ನು ವರ್ಗಾವಣೆ. ಎಲ್ಲ ಕಲಿತ ಸಿಸ್ಟರ್ ಬೇರೆ ಊರಿಗೆ ಹೋಗುತ್ತಾಳೆ, ಹೊಸಬರು ಬರುತ್ತಾರೆ, ಡಬ್ಬಿಯ ಸಾಮಾನು ಒಂದೊಂದೇ ಬೇರೆ ಕಡೆಗೆ ಹೋಗುತ್ತದೆ. ನಮ್ಮಲ್ಲಿ ಪ್ರತಿ ಸೋಮವಾರ ಬೆಳಗಿನ ಡ್ಯೂಟಿಯವರು ಡಬ್ಬಿ ತೆರೆದು ಎಣಿಸಿ, ಮುಚ್ಚಳದ ಚೀಟಿಗೆ ಸಹಿ ಹಾಕುತ್ತಾರೆ. ಹೊಸಬರು ಬಂದ ಮೊದಲ ವಾರವೇ ಅವರಿಗೆ ಕುಂಕುಮ ನೀರಿನ ಚೀಟಿ ಬರೆಸುತ್ತೇವೆ. ಈಗ ಸುರಿಯುವುದು ದೊಡ್ಡವ್ವ. ಪ್ರತಿ ಸಲ ಬೇರೆ ಅಳತೆ ಸುರಿಯುತ್ತಾರೆ, ಎಷ್ಟೆಂದು ಮೊದಲೇ ಯಾರಿಗೂ ಹೇಳುವುದಿಲ್ಲ.